ಕಷ್ಟಪಟ್ಟು ಮೇಲೆ ಬಂದದ್ದೇ ನನ್ನ ಗುರುತು, ಅದು ಬಿಟ್ಟರೆ ನಾನು ಯಾರು?

ಈ ಪ್ರಶ್ನೆಯ ಜೊತೆ ‘ಕಷ್ಟವೇ ನನ್ನನ್ನು ಗಟ್ಟಿ ಮಾಡಿತು’ ಅಂತಲೂ ಬರೆದಿದ್ದೀರಲ್ಲ, ನನ್ನ ಹಳೇ ಮಾತನ್ನೇ ಕೇಳಿದ ಹಾಗಾಯಿತು.

ಅಪ್ಪ ತೀರಿಕೊಂಡಾಗ ನನಗೆ 17, ತಮ್ಮನಿಗೆ 9. ಓದು ಬಿಟ್ಟೆ. ಹಗಲು ಒಂದು ಕೆಲಸ, ರಾತ್ರಿ ಇನ್ನೊಂದು. ಅದನ್ನೆಲ್ಲ ಇಲ್ಲಿ ಹೇಳುವುದಿಲ್ಲ, ಹೇಳಿ ಹೇಳಿ ಎಲ್ಲರಿಗೂ ಬೇಜಾರು ಬರಿಸಿದ್ದೇನೆ.

ನನ್ನ ತಪ್ಪು ಒಂದೇ. ಆ ಕಷ್ಟವನ್ನು ಅಳತೆಗೋಲು ಮಾಡಿಕೊಂಡೆ. ಯಾರು ಏನು ತೋಡಿಕೊಂಡರೂ ಅದರ ಪಕ್ಕ ಇಟ್ಟು ನೋಡುವುದು. ಕೆಲಸ ಹೋಯಿತು ಅಂದ ಗೆಳೆಯನಿಗೆ, ‘ಮನೇಲಿ ಅಪ್ಪ ಇದ್ದಾರಲ್ಲ, ಬಿಡು’ ಅಂದಿದ್ದೆ. ಅದನ್ನೇ ಧೈರ್ಯ ಹೇಳುವುದು ಅಂದುಕೊಂಡಿದ್ದೆ!

ಕಾಲೇಜಿನ ಮೊದಲ ವರ್ಷ ತಮ್ಮ, ‘ಅಣ್ಣಾ, ಕ್ಲಾಸಿಗೆ ಹೋಗೋಕೇ ಆಗ್ತಿಲ್ಲ, ಯಾಕೋ ಭಯ’ ಅಂದ. ‘ನಿನ್ನ ವಯಸ್ಸಿಗೆ ನಾನು ಮನೆ ನಡೆಸ್ತಿದ್ದೆ, ಇದೂ ಒಂದು ಕಷ್ಟನಾ?’ ಅಂತ ನಕ್ಕೆ. ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಸುಮ್ನೆ ನಕ್ಕೆ. ಅವನೂ ನಕ್ಕ. ಅಷ್ಟೇ, ಅವತ್ತಿನಿಂದ ಅವನು ನನ್ನ ಹತ್ತಿರ ಏನೂ ಹೇಳಲಿಲ್ಲ. ಅವನು ಕಾಲೇಜು ಬಿಟ್ಟು ಐದು ತಿಂಗಳಾದ ಮೇಲೆ ನನಗೆ ಗೊತ್ತಾಯಿತು. ಅಷ್ಟೂ ದಿನ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಡುತ್ತಿದ್ದ. ಯಾಕೋ ಹೇಳಲಿಲ್ಲ ಅಂತ ಕೇಳಿದರೆ, ‘ನಿನ್ನ ಕಷ್ಟದ ಮುಂದೆ ನಂದು ಯಾವ ಲೆಕ್ಕ?’ ಅಂದ. ಕೊಂಕು ಮಾತಲ್ಲ ಅದು. ನಿಜವಾಗಿ ನಂಬಿದ್ದ. ನಂಬಿಸಿದ್ದು ನಾನೇ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಕಷ್ಟ ತಾನಾಗಿ ಯಾರನ್ನೂ ಬೆಳೆಸುವುದಿಲ್ಲ. ಟೆಡೆಸ್ಕಿ, ಕ್ಯಾಲ್‌ಹೌನ್ ಎಂಬ ಮನಶ್ಶಾಸ್ತ್ರಜ್ಞರು ಇದರ ಬಗ್ಗೆಯೇ ಕೆಲಸ ಮಾಡಿದವರು. ಆಘಾತ ಬೆಳೆಸುವುದಿಲ್ಲ, ಅದರ ಜೊತೆಗಿನ ಗುದ್ದಾಟ ಬೆಳೆಸುತ್ತದೆ ಅನ್ನುತ್ತಾರೆ. ಆಘಾತದ ನಂತರ ನಾವೆಷ್ಟು ಬೆಳೆದಿದ್ದೇವೆ ಅಂತ ಅಳೆಯಲು 1996ರಲ್ಲಿ ಅವರು 21 ಅಂಶಗಳ ಪಟ್ಟಿ ಪ್ರಕಟಿಸಿದರು; ಒಂದೊಂದಕ್ಕೂ ಸೊನ್ನೆಯಿಂದ ಐದರವರೆಗೆ ನಾವೇ ಅಂಕ ಕೊಟ್ಟುಕೊಳ್ಳಬೇಕು. ಅದಕ್ಕೆ ನಾನೂ ಉತ್ತರ ಬರೆದು ನೋಡಿದೆ. ‘ಅಂದುಕೊಂಡದ್ದಕ್ಕಿಂತ ಗಟ್ಟಿಗ’ ಎಂಬಲ್ಲಿ ಐದಕ್ಕೆ ಐದು ಕೊಟ್ಟುಕೊಂಡೆ. ‘ಬೇರೆಯವರ ಬಗ್ಗೆ ಕರುಣೆ ಹೆಚ್ಚಿದೆ’ ಎಂಬಲ್ಲಿ ಪೆನ್ನು ನಿಂತಿತು.

ನೀವು ಯಾರು ಅಂತ ಹುಡುಕುವುದನ್ನು ಸದ್ಯಕ್ಕೆ ಬಿಡಿ. ಯಾರಾದರೂ ಕಷ್ಟ ಹೇಳಿಕೊಳ್ಳುವಾಗ ನಿಮ್ಮ ಕತೆ ತೆಗೆಯಬೇಡಿ. ಒಂದು ತಿಂಗಳು ಸಾಕು. ಡೈರಿ, ಧ್ಯಾನ ಎಲ್ಲ ಬೇರೆಯವರು ಹೇಳುತ್ತಾರೆ ಬಿಡಿ.

ತಮ್ಮ ಆಮೇಲೆ ಬೇರೆ ಕೋರ್ಸ್ ಮಾಡಿ ಈಗ ಕೆಲಸದಲ್ಲಿದ್ದಾನೆ. ಕಳೆದ ವಾರ ಫೋನ್ ಮಾಡಿ, ಮೇಲಿನವರ ಕಿರಿಕಿರಿ ಅಂತ ಅರ್ಧ ಗಂಟೆ ಗೊಣಗಿದ. ಚಿಕ್ಕ ವಿಷಯ. ನಾನು ‘ಹೂಂ’ ಬಿಟ್ಟು ಬೇರೆ ಏನೂ ಅನ್ನಲಿಲ್ಲ. ಎರಡು ಸಲ ನಾಲಿಗೆ ತುದಿವರೆಗೆ ಬಂದಿತ್ತು.