ಕಂದ ಸರಿಯಾಗಿದೆ, ದುರ್ಯೋಧನ ಬಂದಿಲ್ಲ

ಪ್ರಶ್ನೆ: ನನಗೆ 36 ವರ್ಷ. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ. ದಿನವೂ ರೈಲಿನಲ್ಲಿ ಓಡಾಟ. ಹೆಂಡತಿ, ಮೂರು ವರ್ಷದ ಮಗಳು ಇದ್ದಾರೆ. 2009ರಲ್ಲಿ ಎಂಜಿನಿಯರಿಂಗ್ ಓದುವಾಗ ಸರಸ್ವತಿಪುರಂನ ಬಾಡಿಗೆ ಕೋಣೆಯಲ್ಲಿ ನಾಲ್ವರು ಗೆಳೆಯರು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಕಂಪ್ಯೂಟರ್ ಆಟ ಆಡಲು ಕಲಿತೆವು. ಬಿಎಸ್‌ಎನ್‌ಎಲ್‌ನಲ್ಲಿ ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಇಂಟರ್‌ನೆಟ್ ಬಳಕೆಗೆ ಮಿತಿ ಇರುತ್ತಿರಲಿಲ್ಲ, ಆ ಹೊತ್ತಿಗಾಗಿ ಕಾದು ಆಡುತ್ತಿದ್ದೆವು. 2019ರಲ್ಲಿ ಹಳೆಯ ಆಟವನ್ನೇ ‘ಕ್ಲಾಸಿಕ್’ ಹೆಸರಿನಲ್ಲಿ ಮತ್ತೆ ತೆರೆದಾಗ, ಆಗಸ್ಟ್ 27ರ ನಸುಕಿನ ಮೂರೂವರೆಗೆ ಅಲಾರಂ ಇಟ್ಟುಕೊಂಡು ಎದ್ದೆವು. ಈಗ ನಾನು ಒಟ್ಟಾಗಿ ಆಡುವ 40 ಜನರ ತಂಡಕ್ಕೆ, ಅಂದರೆ ಗಿಲ್ಡ್‌ಗೆ ಮುಖ್ಯಸ್ಥ. ಗಾಯಗೊಂಡವರನ್ನು ಗುಣಪಡಿಸುವ ಪೂಜಾರಿಣಿ ನನ್ನ ಪಾತ್ರ. ಆದರೆ ಒಂದೂವರೆ ವರ್ಷದಿಂದ ಆಟದಲ್ಲಿ ಏನೂ ಅನ್ನಿಸುತ್ತಿಲ್ಲ. 2024ರ ನವೆಂಬರ್‌ನಲ್ಲಿ ಇಪ್ಪತ್ತನೆಯ ವರ್ಷದ ಹೊಸ ಸರ್ವರ್ ಬಂದಾಗ ಒಂದನೆಯ ಹಂತದಿಂದ ಶುರು ಮಾಡಿ ಕೊನೆಯ ಹಂತವಾದ ಅರವತ್ತು ಮುಟ್ಟಿದೆ, ಆಗಲೂ ಅಷ್ಟೇ. “ಬೇಸರವಾಗಿದ್ದರೆ ಬಿಡಿ, ಆಡುವುದಾದರೆ ನಗುತ್ತಾ ಆಡಿ. ಮುಖ ಗಂಟು ಹಾಕಿಕೊಂಡು ಆಡುವುದನ್ನು ನೋಡಲಾಗುವುದಿಲ್ಲ” ಎನ್ನುತ್ತಾಳೆ ಹೆಂಡತಿ. ಬಿಡಲು 39 ಜನರ ಮುಲಾಜು. ಹಳೆಯ ಉತ್ಸಾಹ ಮತ್ತೆ ಬರುತ್ತದೆಯೇ? ಇದು ಖಿನ್ನತೆಯೇ? ಖಾತೆಯನ್ನು ಕೊಳ್ಳುವವರೊಬ್ಬರಿದ್ದಾರೆ, ಮಾರಿಬಿಡಲೇ?
– ಹೆಸರು ಬೇಡ, ಮಂಡ್ಯ

ಉತ್ತರ: ಮಗ ಮೊಬೈಲ್ ಬಿಡುವುದಿಲ್ಲ, ಗಂಡ ಆಟ ಬಿಡುವುದಿಲ್ಲ ಎಂಬ ಪತ್ರಗಳು ಈ ಅಂಕಣಕ್ಕೆ ವಾರಕ್ಕೆ ನಾಲ್ಕಾದರೂ ಬರುತ್ತವೆ. ಬಿಟ್ಟುಹೋದ ಹುಚ್ಚನ್ನು ವಾಪಸ್ ಕೊಡಿಸಿ ಎಂದು ಬರೆದವರು ನೀವೇ ಮೊದಲಿಗರು. ನನ್ನ ಮಟ್ಟಿಗೆ ಕಂಪ್ಯೂಟರ್ ಆಟವೆಂದರೆ ಕಚೇರಿಯಲ್ಲಿ ಕದ್ದು ಇಸ್ಪೀಟು ಜೋಡಿಸಿದ್ದು, ಅಷ್ಟೇ. ಹಾಗಾಗಿ ಇದೇ ಆಟದಲ್ಲಿ ಪಳಗಿರುವ ತಂಗಿಯ ಮಗನನ್ನು ಎರಡು ಸಂಜೆ ಮನೆಗೆ ಕರೆಸಿ, ಚುರುಮುರಿ ಮಾಡಿಕೊಟ್ಟು, ಪಕ್ಕದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡೆ. ತಪ್ಪಿದ್ದರೆ ತಪ್ಪು ಅವನದು.

ಖಿನ್ನತೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಎರಡು ವಾರಕ್ಕೂ ಹೆಚ್ಚು ಕಾಲ ಎಲ್ಲದರಲ್ಲೂ ಆಸಕ್ತಿ ಹೋಗಿ, ಊಟ ಸೇರದೆ, ನಿದ್ದೆ ಕೆಟ್ಟು, ಬದುಕೇ ಭಾರ ಅನ್ನಿಸುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ. ಆದರೆ ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ರಂಗನತಿಟ್ಟಿನ ಭಾನುವಾರವೊಂದಿದೆ. ದೋಣಿಯಿಂದ ಮಗಳು ಬಂಡೆಯ ಮೇಲಿನ ಮೊಸಳೆ ತೋರಿಸಿ ಕಿರುಚಿದ್ದು, ನೀವು ಅವಳನ್ನು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದು, ಆಮೇಲೆ ಶ್ರೀರಂಗಪಟ್ಟಣದಲ್ಲಿ ಎರಡೆರಡು ದೋಸೆ ತಿಂದದ್ದು ಎಲ್ಲವನ್ನೂ ಬರೆದಿದ್ದೀರಿ. ಸಂತೋಷಪಡುವ ಶಕ್ತಿ ನಿಮ್ಮಲ್ಲಿ ಗಟ್ಟಿಯಾಗಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಬತ್ತಿರುವುದು ಒಂದೇ ಬಾವಿ.

ಚಟವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 2022ರ ಜನವರಿಯಿಂದ ಆಟದ ಕಾಯಿಲೆಗೂ ಜಾಗವಿದೆ. ಹಿಡಿತ ತಪ್ಪುವುದು, ಬೇರೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಕೇಡಾದರೂ ನಿಲ್ಲಿಸಲಾಗದಿರುವುದು ಅದರ ಲಕ್ಷಣಗಳು. ನೀವು ಬೇಡಬೇಡವೆನ್ನುತ್ತಲೇ ಆಡುತ್ತಿರುವುದು ಮುಲಾಜಿಗೆ. ಆಟ ಯುರೋಪಿನ ಸರ್ವರ್‌ನಲ್ಲಿ. ಅಲ್ಲಿನವರು ರಾತ್ರಿ ಎಂಟಕ್ಕೆ ಕೂತರೆ ನಮಗೆ ಬೇಸಿಗೆಯಲ್ಲಿ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ಆರಕ್ಕೆ ಮಗಳು ಹಾಲು ಕೇಳುತ್ತಾಳೆ, ಏಳೂವರೆಗೆ ನಿಮ್ಮ ರೈಲು. ಇದನ್ನು ನೋಡಿದರೆ ಎರಡನೆಯ ಪಾಳಿಯ ಕೆಲಸ ಹಿಡಿದಂತಿದೆ, ಸಂಬಳವಿಲ್ಲ, ಮೇಲೆ ತಿಂಗಳ ಚಂದಾ ನೀವೇ ಕಟ್ಟಬೇಕು!

ಕೈಯಿಂದ ದುಡ್ಡು ಕೊಟ್ಟು ಪಾತ್ರ ಮಾಡುವುದು ಮಂಡ್ಯ ಸೀಮೆಯವರಿಗೆ ಹೊಸದೇನಲ್ಲ. ನಿಮ್ಮ ತಂದೆ ಊರಿನ ‘ಕುರುಕ್ಷೇತ್ರ’ದಲ್ಲಿ ಭೀಮನಾಗುತ್ತಿದ್ದರೆಂದೂ ಈಗ ನಿಮ್ಮನ್ನು ನೋಡಿ, “ನಾಟಕ ಮುಗಿದ ಮೇಲೂ ಬಣ್ಣ ಒರೆಸದೆ ಕೂತಿದ್ದಾನೆ” ಎನ್ನುತ್ತಾರೆಂದೂ ಬರೆದಿದ್ದೀರಿ. ಆ ಮಾತು ನಿಮಗೆ ಚುಚ್ಚಿದೆ. ನನಗೆ ಅದು ನನ್ನ ಸೋದರಮಾವನನ್ನು ನೆನಪಿಸಿತು.

ಮಾವನದು ಪಾಂಡವಪುರದ ಹತ್ತಿರದ ಊರು. ಬೆಲ್ಲ ಮಾರಿದ ದುಡ್ಡಿನಲ್ಲಿ ಅತ್ತೆಯ ಬೈಗುಳ ತಿಂದುಕೊಂಡು ದುರ್ಯೋಧನನ ಪಾತ್ರ ಹಿಡಿಯುತ್ತಿದ್ದ. ಗದ್ದೆಯಿಂದ ಬಂದು, ಮುದ್ದೆ ಉಂಡು, ರಾತ್ರಿ ರಾಮಮಂದಿರದಲ್ಲಿ ಮೂರು ತಿಂಗಳು ಕಂದಪದ್ಯ, ಮಾತುಗಳ ಅಭ್ಯಾಸ. ಎರಡು ಸಲ ಊರೇ ಕೊಂಡಾಡಿತು. ಮೂರನೆಯ ಸಲ ಅಭ್ಯಾಸದ ನಡುವೆ ಹಾರ್ಮೋನಿಯಂ ಮೇಷ್ಟ್ರು ತಿದಿ ಮುಚ್ಚಿ ಅವನನ್ನೇ ನೋಡಿದರಂತೆ. “ಕಂದ ಸರಿಯಾಗಿದೆ, ಶ್ರುತಿ ಸರಿಯಾಗಿದೆ. ದುರ್ಯೋಧನ ಬಂದಿಲ್ಲ.”

ಆ ವರ್ಷವೂ ಮಾವ ಪಾತ್ರ ಮಾಡಿದ. ನೆಂಟರು ವೇದಿಕೆಗೆ ಹತ್ತಿ ಹಾರ ಹಾಕಿ, ಉಂಗುರ ತೊಡಿಸಿದರು. ಕೆಳಗಿಳಿದವನು ಕಿರೀಟವನ್ನು ಸೀನರಿಯವನ ಪೆಟ್ಟಿಗೆಗೆ ಹಾಕಿ, ಇನ್ನು ಸಾಕು ಎಂದ. ನಾಲ್ಕು ವರ್ಷ ರಾಮಮಂದಿರದ ಕಡೆ ತಲೆ ಹಾಕಲಿಲ್ಲ. ಐದನೆಯ ವರ್ಷ ನಾಟಕಕ್ಕೆ ಹನ್ನೊಂದು ದಿನ ಇರುವಾಗ ಶಕುನಿಯ ಪಾತ್ರದವನು ತೆಂಗಿನ ಮರದಿಂದ ಬಿದ್ದು ಕಾಲು ಮುರಿದುಕೊಂಡ. ಬೇರೆ ಯಾರೂ ಸಿಗದೆ ಇವನ ಕೈಕಾಲು ಹಿಡಿದರು. ಆಗ ನಾನು ಪಿಯುಸಿ ಓದುತ್ತಿದ್ದೆ, ರಜೆಗೆ ಹೋಗಿದ್ದೆ. ಐವತ್ತೆರಡು ವರ್ಷದ ಮನುಷ್ಯ ಜಗಲಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದು ಬದಿ ತೇಯ್ದ ಹುಣಸೆಬೀಜಗಳನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ಎಸೆಯುತ್ತಿದ್ದ. ಕುಂಟುವುದು ಎಡಗಾಲೋ ಬಲಗಾಲೋ ಎಂದು ನನ್ನನ್ನು ಕೇಳುತ್ತಿದ್ದ. ಹಾಲು ಕರೆಯುವಾಗ ಮಗಳು ಮಾತು ಓದಿ ಹೇಳಬೇಕು, ಇವನು ಹಸುವಿಗೆ ಹೇಳಿ ಒಪ್ಪಿಸಬೇಕು. ನಾಟಕದ ದಿನ ನಡುವೆ ಮಾತು ಮರೆತೇಹೋಯಿತು. ಮರೆತದ್ದನ್ನು ಮುಚ್ಚಲು ಶಕುನಿಯ ನಗೆ ನಕ್ಕ. ಜನ ಆ ನಗೆಗೇ ಒನ್ಸ್ ಮೋರ್ ಕೂಗಿದರು. ಹೀಗೆ ಮೂರು ಸಲ ನಕ್ಕ ಮೇಲೆ ಮಾತು ನೆನಪಾಯಿತೆಂದು ಸಾಯುವತನಕ ಹೇಳಿಕೊಂಡು ತಿರುಗಿದ.

ದುರ್ಯೋಧನ ಅವನಿಗೆ ಬಾಯಿಪಾಠವಾಗಿ ಹೋಗಿದ್ದ, ಶಕುನಿ ಗೊತ್ತಿರಲಿಲ್ಲ. ನಿಮ್ಮ ಆಟದಲ್ಲೂ ಇದೇ ಆಗಿದೆ ಎನ್ನುವುದಕ್ಕೆ ತಂಗಿಯ ಮಗ ಒಂದು ಲೆಕ್ಕ ಕೊಟ್ಟ. 2004ರ ನವೆಂಬರ್‌ನಲ್ಲಿ ಆಟ ಬಿಡುಗಡೆಯಾದಾಗ ರ‍್ಯಾಗ್ನರೋಸ್ ಎಂಬ ಬೆಂಕಿಯ ದೊರೆಯನ್ನು ಮೊದಲ ಬಾರಿಗೆ ಕೊಲ್ಲಲು ಆಟಗಾರರಿಗೆ ಸುಮಾರು ಐದು ತಿಂಗಳು ಹಿಡಿಯಿತಂತೆ. 2019ರಲ್ಲಿ ಅದೇ ಆಟ ಮತ್ತೆ ಬಂದಾಗ ಒಂದು ವಾರದೊಳಗೆ ಅವನು ಸತ್ತ. ಎಲ್ಲರಿಗೂ ಎಲ್ಲ ಗೊತ್ತಿತ್ತು. ಯಾವ ಮೂಲೆಯಲ್ಲಿ ಯಾವ ಗಿಡಮೂಲಿಕೆ, ಯಾವ ಕ್ಷಣಕ್ಕೆ ಯಾವ ಮಂತ್ರ, ಎಲ್ಲ ಬರೆದಿಟ್ಟಿದ್ದರು. ನೀವು 2024ರಲ್ಲಿ ಒಂದನೆಯ ಹಂತಕ್ಕೆ ಇಳಿದಿರಿ ನಿಜ, ಆದರೆ ಅದೇ ಪೂಜಾರಿಣಿ, ಅದೇ ದಾರಿ, ಪಕ್ಕದ ಪರದೆಯಲ್ಲಿ ಅದೇ ಮಾರ್ಗದರ್ಶಿ. ಮಾವ ನಾಲ್ಕನೆಯ ಸಲ ದುರ್ಯೋಧನ ಮಾಡಿದ್ದರೆ ಏನಾಗುತ್ತಿತ್ತೋ ನಿಮಗೂ ಅದೇ ಆಯಿತು.

ಅಂಕಪಟ್ಟಿಯ ಮಾತೂ ಇದೆ. ಪ್ರತಿ ಕಾಳಗದ ನಂತರ ಯಾರು ಎಷ್ಟು ಗುಣಪಡಿಸಿದರು ಎಂದು ಪಟ್ಟಿ ಬರುತ್ತದೆ, ಕೆಳಗಿರುವವರ ಮೇಲೆ ರೇಗುತ್ತೇನೆ, ಆಮೇಲೆ ನಾಚಿಕೆಯಾಗುತ್ತದೆ ಎಂದಿದ್ದೀರಿ. ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಬಣ್ಣದ ಪೆನ್ನಿನಲ್ಲಿ ತಮ್ಮಷ್ಟಕ್ಕೆ ಚಿತ್ರ ಬಿಡಿಸಿ ಖುಷಿಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೊಟ್ಟರು ಕೂಡ. ಒಂದೆರಡು ವಾರದ ನಂತರ ನೋಡಿದರೆ ಆ ಮಕ್ಕಳು ಪೆನ್ನು ಮುಟ್ಟುತ್ತಿದ್ದ ಹೊತ್ತು ಉಳಿದವರ ಅರ್ಧದಷ್ಟಿತ್ತು. ಪ್ರಶಸ್ತಿಪತ್ರದ ಮೇಲೆ ಏನೆಂದು ಬರೆದಿತ್ತು ಗೊತ್ತೇ? ‘ಒಳ್ಳೆಯ ಆಟಗಾರ’ ಎಂದು.

ಆದರೆ ನಿಮ್ಮ ನಿಜವಾದ ಗಂಟು ಇವೆರಡರಲ್ಲೂ ಇಲ್ಲ. ಪತ್ರದ ಕೊನೆಯ ಪುಟದ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡ ಬರೆದ ಎರಡು ಸಾಲಿವೆ: “ನಾಲ್ವರಲ್ಲಿ ಇಬ್ಬರು ಯಾವಾಗಲೋ ಬಿಟ್ಟರು. ಟೊರೊಂಟೊದಲ್ಲಿರುವ ಒಬ್ಬ ಮಾತ್ರ ಈಗಲೂ ವಾರಕ್ಕೊಮ್ಮೆ ಬರುತ್ತಾನೆ, ನಾನು ಬಿಟ್ಟರೆ ಅವನ ಜೊತೆ ಮಾತಿಗೆ ಕಾರಣವೇ ಇರುವುದಿಲ್ಲ.” 39 ಜನರ ಮುಲಾಜು ಎಂದದ್ದು ನೆಪ ಅನ್ನಿಸುತ್ತದೆ ನನಗೆ. ಮುಲಾಜು ಒಬ್ಬನದು. ನೀವು ಉತ್ಸಾಹದಿಂದ ವರ್ಣಿಸಿದ ಒಂದೇ ಒಂದು ಪ್ರಸಂಗದಲ್ಲೂ ಅವನಿದ್ದಾನೆ. ಹನ್ನೆರಡನೆಯ ಹಂತದ ಇಬ್ಬರು ಕಾಡುವಾಸಿಗಳು, ಹಡಗಿನಿಂದ ಆಟದೊಳಗಿನ ಮೆನೆಥಿಲ್ ಬಂದರಿಗೆ ಇಳಿದು, ನಿಮ್ಮ ಯೋಗ್ಯತೆಗೆ ಮೀರಿದ ಜೌಗು ಪ್ರದೇಶದಲ್ಲಿ ಮೊಸಳೆಗಳಿಂದ ತಪ್ಪಿಸಿಕೊಂಡು ಓಡಿದ್ದು. ಏಳು ಸಲ ಸತ್ತು, ಏಳು ಸಲವೂ ಪ್ರೇತವಾಗಿ ನಡೆದು ಬಂದು ಹೆಣಕ್ಕೆ ಸೇರಿಕೊಂಡದ್ದು. ನಿಮ್ಮ ನಗು ಕೇಳಿ ಮನೆಯ ಮಾಲೀಕರು ನಾಲ್ಕು ಗಂಟೆಗೆ ಬಾಗಿಲು ಬಡಿದದ್ದು. ಆ ರಾತ್ರಿ ನಿಮಗೆ ಸಿಕ್ಕ ಅಂಕ ಹೆಚ್ಚು ಕಡಿಮೆ ಸೊನ್ನೆ ಎಂದು ತಂಗಿಯ ಮಗ ಹೇಳಿದ.

ಆದ್ದರಿಂದ ಈ ಭಾನುವಾರ ಬೆಳಗ್ಗೆ ಏಳಕ್ಕೆ ಅವನಿಗೆ ಫೋನ್ ಮಾಡಿ. ಅಲ್ಲಿ ಇನ್ನೂ ಶನಿವಾರದ ರಾತ್ರಿ, ಅವನು ಎದ್ದಿರುತ್ತಾನೆ. ಆಟದ ಮಾತು ಎತ್ತಬೇಡಿ. ಮಗಳ ಮೊಸಳೆಯ ಕಥೆ ಹೇಳಿ. ಮೊದಲ ಐದು ನಿಮಿಷ ತಡವರಿಸುತ್ತೀರಿ, ಗಂಡಸರು ಫೋನಿನಲ್ಲಿ ತಡವರಿಸುವುದು ಸಹಜ. ಆಮೇಲೆ ನಿಧಾನವಾಗಿ, ನನಗೂ ಇದರಲ್ಲಿ ಏನೂ ಉಳಿದಿಲ್ಲ ಎಂದು ಅವನೇ ಹೇಳಿದರೆ ಆಶ್ಚರ್ಯಪಡಬೇಡಿ.

ಮುಖ್ಯಸ್ಥಗಿರಿಯನ್ನು ಈ ತಿಂಗಳೇ ಇನ್ನೊಬ್ಬರಿಗೆ ಒಪ್ಪಿಸಿ. ಕ್ಷಮೆ ಕೇಳುವ ದೊಡ್ಡ ಪತ್ರ ಬೇಡ, ‘ಮನೆಯ ಕಡೆ ಗಮನ ಕೊಡಬೇಕಿದೆ, ಇಂಥವರು ನೋಡಿಕೊಳ್ಳುತ್ತಾರೆ’ ಎಂಬ ಒಂದು ಸಾಲು ಸಾಕು. 39 ಜನರಲ್ಲಿ ನಾಲ್ವರು ಬೇಸರ ಮಾಡಿಕೊಳ್ಳುತ್ತಾರೆ, ಉಳಿದವರು ಮುಂದಿನ ವಾರಕ್ಕೆ ಬೇರೆ ವೈದ್ಯನನ್ನು ಹುಡುಕಿಕೊಳ್ಳುತ್ತಾರೆ. ಚಂದಾ ನಿಲ್ಲಿಸಿದರೆ ಪಾತ್ರ ಅಳಿಸಿಹೋಗುವುದಿಲ್ಲವಂತೆ, ಆ ಭಯ ಬೇಡ.

ಉತ್ಸಾಹ ವಾಪಸ್ ಬರುತ್ತದೆಯೇ ಎಂದು ಕೇಳಿದ್ದೀರಿ. ದಸರಾ ಒಳಗೆ ಬರುತ್ತದೆ ಎಂದು ಬರೆದುಕೊಡಲು ನಾನು ಜ್ಯೋತಿಷಿಯಲ್ಲ. ಮಾವನಿಗೆ ನಾಲ್ಕು ವರ್ಷ ಹಿಡಿಯಿತು, ಅದೂ ಇನ್ನೊಬ್ಬನ ಕಾಲು ಮುರಿದದ್ದರಿಂದ. ಒಂದು ದಿನ ರೈಲಿನಲ್ಲಿ ಕೂತಾಗ ಯಾವ ಕಾರಣವೂ ಇಲ್ಲದೆ ಆಡಬೇಕೆನ್ನಿಸಿದರೆ ಆಡಿ. ಆಗ ನಿಮಗೆ ಎಂದೂ ಹಿಡಿಸದಿದ್ದ, ಬರದಿದ್ದ ಪಾತ್ರವೊಂದನ್ನು ಹಿಡಿಯಿರಿ. ಗಿಲ್ಡ್ ಬೇಡ, ಅಂಕಪಟ್ಟಿ ಬೇಡ, ಮಾರ್ಗದರ್ಶಿಯ ಪರದೆ ಮುಚ್ಚಿರಲಿ. ಹತ್ತೂವರೆಗೆ ಆರಿಸಿ ಮಲಗಿ. ಬೇಕೆನ್ನಿಸದಿದ್ದರೆ ಅದೂ ಸರಿಯೇ, ನಿಮ್ಮ ತಂದೆಯನ್ನು ಕೂರಿಸಿಕೊಂಡು ಭೀಮನ ಮಾತುಗಳನ್ನು ಹೇಳಿಸಿ. ಬಣ್ಣ ಒರೆಸಿದ ಮೇಲೆ ಅವರಿಗೆ ಹೇಗಿರುತ್ತಿತ್ತು ಎಂದು ಯಾರೂ ಕೇಳಿರಲಿಕ್ಕಿಲ್ಲ.

ಇನ್ನು ಖಾತೆ ಮಾರುವ ವಿಚಾರ. ಬೇಡ. ಕಂಪನಿಯ ನಿಯಮವೇ ಅದನ್ನು ಒಪ್ಪುವುದಿಲ್ಲ, ಕೊಂಡವನಿಗೂ ತೊಂದರೆ, ನಿಮಗೂ ತೊಂದರೆ. ಅದಕ್ಕಿಂತ ನನಗೆ ತುಂಬಾ ಹಿಡಿಸಿದ ಸಂಗತಿಯೊಂದು ಆ ಆಟದಲ್ಲೇ ಇದೆ. ಪಾತ್ರವನ್ನು ಊರಿನ ಛತ್ರದೊಳಗೆ ಬಿಟ್ಟು ಬಂದರೆ ಅದು ಅಲ್ಲಿ ದಣಿವಾರಿಸಿಕೊಳ್ಳುತ್ತದಂತೆ. ಪ್ರತಿ ಎಂಟು ಗಂಟೆಗೆ ಇಷ್ಟು ಎಂದು ಲೆಕ್ಕ, ಹತ್ತು ದಿನಕ್ಕೆ ಪೂರ್ತಿ. ಮತ್ತೆ ಬಂದಾಗ ಪರದೆಯ ಕೆಳಗಿನ ನೇರಳೆ ಪಟ್ಟಿ ನೀಲಿಯಾಗಿರುತ್ತದೆ, ಕೆಲ ಹೊತ್ತು ಕೊಂದದ್ದಕ್ಕೆಲ್ಲ ಎರಡು ಪಟ್ಟು ಅನುಭವದ ಅಂಕ. ತಂಗಿಯ ಮಗ ತೋರಿಸಿದ, ಕಣ್ಣಾರೆ ಕಂಡೆ. ಮೆನೆಥಿಲ್ ಬಂದರಿನಲ್ಲೂ ಅಂಥ ಛತ್ರವಿದೆ, ಒಲೆ ಉರಿಯುತ್ತಿರುತ್ತದೆ, ಹೊರಗೆ ನಾಲ್ಕು ಹೆಜ್ಜೆ ಇಟ್ಟರೆ ನಿಮ್ಮ ಮೊಸಳೆಗಳು. ಪೂಜಾರಿಣಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಿಟ್ಟು ಬನ್ನಿ. ಅರವತ್ತನೆಯ ಹಂತದವಳಿಗೆ ಅದರಿಂದ ಏನೂ ಸಿಗುವುದಿಲ್ಲ ದೊಡ್ಡಮ್ಮ, ಎಂದು ಅವನು ನಕ್ಕ. ಇರಲಿ, ಮಲಗಲಿ.