ಪಾದ್ರಿ ಎಲ್ಲಿ, ಬಲಗೈ ಎಲ್ಲಿ?

ಹೋದ ಸಂಚಿಕೆಯ ಮುಖಪುಟಕ್ಕೆ ಯಾನ್ ವಾನ್ ಐಕ್ ಬರೆದ ಆರ್ನೊಲ್ಫಿನಿ ದಂಪತಿಯ ಚಿತ್ರ ಹಾಕಿದ್ದೆವು. ಒಳಪುಟದಲ್ಲಿ ‘ಮದುವೆಯ ಕ್ಷಣ, 1434’ ಎಂದು ಬರೆದಿದ್ದೆವು. ಅದನ್ನು ನೋಡಿ ಹಾಸನದ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅವರ ಪ್ರಶ್ನೆ ಇಷ್ಟು: “ಇದು ಮದುವೆ ಅಂತೀರಿ. ಚರ್ಚ್ ಇಲ್ಲ, ಪಾದ್ರಿ ಇಲ್ಲ. ಇರುವುದು ಮಲಗುವ ಕೋಣೆ, ಒಂದು ನಾಯಿ, ಕಳಚಿಟ್ಟ ಮರದ ಪಾದರಕ್ಷೆ. ಅದೂ ಹೋಗಲಿ, ಗಂಡು ಎಡಗೈಯಲ್ಲಿ ಹುಡುಗಿಯ ಕೈ ಹಿಡಿದಿದ್ದಾನೆ. ಯಾವ ಊರಲ್ಲಿ ಸ್ವಾಮಿ ಎಡಗೈಯಲ್ಲಿ ಪಾಣಿಗ್ರಹಣ ಮಾಡ್ತಾರೆ?”

ಮೇಷ್ಟ್ರೇ, ಎಡಗೈ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಆ ಅಡಿಬರಹ ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ. ಯುರೋಪಿನಲ್ಲೂ ಮದುವೆಯಲ್ಲಿ ಬಲಗೈಗೆ ಬಲಗೈ ಕೂಡಿಸುವುದೇ ಪದ್ಧತಿ. ರೋಮನ್ನರ ಕಾಲದಿಂದಲೂ ಹಾಗೆಯೇ.

ಹಾಗಾದರೆ ಮದುವೆ ಅನ್ನುವ ಮಾತು ಬಂದಿದ್ದು ಎಲ್ಲಿಂದ? 1934ರಲ್ಲಿ ಎರ್ವಿನ್ ಪನೋಫ್ಸ್ಕಿ ಎಂಬ ಕಲಾ ಇತಿಹಾಸಕಾರರು ಒಂದು ಲೇಖನ ಬರೆದರು. ಇದು ಗುಟ್ಟಾಗಿ ನಡೆದ ಮದುವೆಯ ದಾಖಲೆ ಎಂಬುದು ಅವರ ವಾದ. ಚಿತ್ರದ ಹಿಂಗೋಡೆಯಲ್ಲಿ ಒಂದು ದುಂಡನೆ ಕನ್ನಡಿ ಇದೆ, ನೋಡಿ. ಅದರ ಚೌಕಟ್ಟಿನಲ್ಲಿ ಯೇಸುವಿನ ಯಾತನೆಯ ಹತ್ತು ಪುಟಾಣಿ ಚಿತ್ರಗಳಿವೆ. ಕನ್ನಡಿಯೊಳಗೆ ಬಾಗಿಲಲ್ಲಿ ನಿಂತ ಇಬ್ಬರು ಕಾಣುತ್ತಾರೆ. ಅದರ ಮೇಲೆ ಗೋಡೆಗೆ ಬರೆದಂತೆ ‘ಯಾನ್ ವಾನ್ ಐಕ್ ಇಲ್ಲಿದ್ದ, 1434’ ಎಂಬ ಲ್ಯಾಟಿನ್ ಸಾಲು. ಆ ಇಬ್ಬರೇ ಸಾಕ್ಷಿಗಳು, ಅವರಲ್ಲಿ ಒಬ್ಬ ಕಲಾವಿದನೇ ಎಂದರು ಪನೋಫ್ಸ್ಕಿ. ಓದುವುದಕ್ಕೆ ತುಂಬಾ ಚೆನ್ನಾಗಿದೆ. ಆದರೆ ಅವರು ಹೆಸರಿಸಿದ ಜೋಡಿಯ ಮದುವೆ ನಡೆದಿದ್ದು 1447ರಲ್ಲಿ ಎಂದು 1990ರ ದಶಕದಲ್ಲಿ ದಾಖಲೆ ಸಿಕ್ಕಿತು. ಅಷ್ಟೊತ್ತಿಗೆ ವಾನ್ ಐಕ್ ತೀರಿಕೊಂಡು ಆರು ವರ್ಷ ಆಗಿತ್ತು. ಈಗ ಬಹಳ ಮಂದಿ ತಜ್ಞರು ಇದನ್ನು ಅದೇ ಮನೆತನದ ಇನ್ನೊಂದು ಜೋಡಿಯ ಭಾವಚಿತ್ರ ಎಂದಷ್ಟೇ ಹೇಳುತ್ತಾರೆ.

ಆದರೆ ಮೇಷ್ಟ್ರೇ, ‘ಪಾದ್ರಿ ಇಲ್ಲ, ಆದ್ದರಿಂದ ಮದುವೆ ಅಲ್ಲ’ ಎಂದಿದ್ದೀರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. 1434ರಲ್ಲಿ ಪಾದ್ರಿ ಇಲ್ಲದೆಯೂ ಮದುವೆ ಆಗುತ್ತಿತ್ತು. ಚರ್ಚ್ ಅದನ್ನು ಪಾಪ ಎಂದು ಬೈಯುತ್ತಿತ್ತು. ಆದರೆ ಮದುವೆ ಅಲ್ಲ ಎನ್ನುತ್ತಿರಲಿಲ್ಲ.

ನಮ್ಮಲ್ಲಿ ಧಾರೆ ಎರೆದು ಕೊಡುವವರು ಹೆಣ್ಣಿನ ಅಪ್ಪ ಅಮ್ಮ, ಮಂತ್ರ ಹೇಳುವವರು ಪುರೋಹಿತರು. ಕ್ಯಾಥೊಲಿಕ್ ಚರ್ಚಿನಲ್ಲಿ ಸಂಸ್ಕಾರಗಳು ಏಳು. ಪರಮಪ್ರಸಾದ, ಪಾಪನಿವೇದನೆ ಇಂಥವನ್ನು ನಡೆಸಿಕೊಡುವವರು ಗುರುಗಳು. ಮದುವೆ ಒಂದು ಮಾತ್ರ ಬೇರೆ. ಅಲ್ಲಿ ಸಂಸ್ಕಾರ ಕೊಡುವವಳು ಹೆಣ್ಣು, ಕೊಡುವವನು ಗಂಡು, ಒಬ್ಬರಿಗೊಬ್ಬರು. 12ನೇ ಶತಮಾನದಲ್ಲಿ ಪೀಟರ್ ಲೊಂಬಾರ್ಡ್ ಎಂಬ ಪಂಡಿತರೂ ಆಮೇಲೆ ಪೋಪ್ ಮೂರನೇ ಅಲೆಕ್ಸಾಂಡರ್ ಅವರೂ ಒಪ್ಪಿಗೆಯ ಮಾತಿಗೇ ತೂಕ ಕೊಟ್ಟರು. ‘ಮುಂದೆ ಆಗ್ತೀನಿ’ ಅಂದರೆ ನಿಶ್ಚಿತಾರ್ಥ. ‘ಈಗ ಆಗಿದ್ದೇನೆ’ ಅಂದರೆ ಮದುವೆ. ಈ ಚಿತ್ರ ಬರೆದ ಐದೇ ವರ್ಷಕ್ಕೆ, 1439ರಲ್ಲಿ, ಫ್ಲಾರೆನ್ಸಿನಲ್ಲಿ ಸೇರಿದ್ದ ಚರ್ಚಿನ ಮಹಾಸಭೆಯೂ ಇದನ್ನೇ ಹೇಳಿತು. ಈ ಒಂದು ವಿಚಾರ ನನಗೆ ತುಂಬಾ ದೊಡ್ಡದು ಅನಿಸುತ್ತದೆ. ಅಪ್ಪ ಒಪ್ಪಲಿಲ್ಲ, ಜಮೀನ್ದಾರ ಬಿಡಲಿಲ್ಲ ಎಂದು ಮದುವೆ ಬಿದ್ದುಹೋಗುತ್ತಿರಲಿಲ್ಲ. ಹುಡುಗಿಯ ‘ಹೂಂ’ ಇಲ್ಲದಿದ್ದರೆ ಬಿಷಪ್ಪರೇ ಬಂದು ನಿಂತರೂ ಮದುವೆ ಆಗುತ್ತಿರಲಿಲ್ಲ. ಕಾಗದದ ಮೇಲಾದರೂ ಹಾಗಿತ್ತು.

ಇದರ ಕಷ್ಟ ನಮಗೆ ಗೊತ್ತಿರದ್ದೇನಲ್ಲ. ಶಕುಂತಲೆಯ ಕತೆಯೇ ಅದು ಅಲ್ವಾ? ಗಾಂಧರ್ವ ವಿವಾಹಕ್ಕೂ ಇಬ್ಬರ ಒಪ್ಪಿಗೆಯೇ ಸಾಕು. ಆಮೇಲೆ ತುಂಬಿದ ಸಭೆಯಲ್ಲಿ ರಾಜ ‘ನೀನು ಯಾರೋ ಗೊತ್ತಿಲ್ಲ’ ಅಂದರೆ ಅವಳ ಕಡೆಗೆ ಸಾಕ್ಷಿ ಯಾರು? ಕಾಳಿದಾಸನಲ್ಲಿ ಕೊನೆಗೆ ಮೀನಿನ ಹೊಟ್ಟೆಯಿಂದ ಉಂಗುರ ಬಂತು. ಯುರೋಪಿನ ಸಾವಿರಾರು ಹುಡುಗಿಯರಿಗೆ ಯಾವ ಮೀನೂ ಸಿಗಲಿಲ್ಲ. ಗದ್ದೆಯ ಬದುವಿನಲ್ಲೋ ಅಡುಗೆಮನೆಯಲ್ಲೋ ‘ನೀನೇ ನನ್ನ ಹೆಂಡತಿ’ ಎಂದವನು ನಾಲ್ಕು ವರ್ಷ ಬಿಟ್ಟು ಇನ್ನೊಬ್ಬಳ ಜೊತೆ ಚರ್ಚಿನ ಬಾಗಿಲಲ್ಲಿ ನಿಲ್ಲುತ್ತಿದ್ದ. ಮೊದಲನೆಯವಳು ಚರ್ಚಿನ ಕೋರ್ಟಿಗೆ ಓಡುತ್ತಿದ್ದಳು. ಆ ಕೋರ್ಟುಗಳ ಹಳೇ ಕಡತಗಳಲ್ಲಿ ಇಂಥ ವ್ಯಾಜ್ಯಗಳು ರಾಶಿ ರಾಶಿ ಇವೆ.

1215ರಲ್ಲೇ ಚರ್ಚ್ ಮದುವೆಗೆ ಮುಂಚೆ ಊರಿಗೆಲ್ಲ ಪ್ರಕಟಣೆ ಹೇಳಬೇಕು ಎಂದು ನಿಯಮ ಮಾಡಿತ್ತು. ಪಾಲಿಸದಿದ್ದರೂ ಆದ ಮದುವೆ ಮದುವೆಯೇ ಆಗಿರುತ್ತಿತ್ತು. ಕೊನೆಗೆ ಟ್ರೆಂಟ್ ಮಹಾಸಭೆ 1563ರ ನವೆಂಬರ್ 11ರಂದು ಗಟ್ಟಿ ಮಾಡಿತು: ಊರಿನ ಪಾದ್ರಿ, ಜೊತೆಗೆ ಇಬ್ಬರೋ ಮೂವರೋ ಸಾಕ್ಷಿಗಳು ಇಲ್ಲದಿದ್ದರೆ ಅದು ಮದುವೆಯೇ ಅಲ್ಲ. ಹೆಸರುಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಸಭೆಯಲ್ಲೇ ಹಲವು ಬಿಷಪ್ಪರು ವಿರೋಧಿಸಿದರು. ನಿನ್ನೆಯವರೆಗೆ ಸಂಸ್ಕಾರವಾಗಿದ್ದದ್ದನ್ನು ಇವತ್ತು ಅಲ್ಲ ಅನ್ನುವುದಕ್ಕೆ ನಮಗೆ ಏನು ಅಧಿಕಾರ ಎಂದು ಕೇಳಿದರು. ಸಣ್ಣ ಪ್ರಶ್ನೆ ಅಲ್ಲ ಅದು.

ಹೊಸ ನಿಯಮದಲ್ಲೂ ಒಂದು ಸಂದಿ ಉಳಿದಿತ್ತು. ಪಾದ್ರಿ ಎದುರಿಗೆ ಇರಬೇಕು ಎಂದಿತ್ತೇ ಹೊರತು ಅವರು ಒಪ್ಪಬೇಕು ಎಂದಿರಲಿಲ್ಲ. ಇಟಲಿಯ ಮಂಜೋನಿ ತಮ್ಮ ದೊಡ್ಡ ಕಾದಂಬರಿ ‘ಇ ಪ್ರೊಮೆಸ್ಸಿ ಸ್ಪೋಸಿ’ಯಲ್ಲಿ ಈ ಸಂದಿಯನ್ನೇ ಹಿಡಿದರು. ಕತೆ ಶುರುವಾಗುವುದು 1628ರಲ್ಲಿ, ಕೋಮೊ ಸರೋವರದ ಹತ್ತಿರ. ರೆಂಜೊ, ಲೂಚಿಯಾ ಮದುವೆಯಾಗಬೇಕು. ಊರಿನ ಪುಂಡ ಸಾಹುಕಾರನ ಬೆದರಿಕೆಗೆ ಪಾದ್ರಿ ದೋನ್ ಅಬ್ಬೋಂದಿಯೊ ನಡುಗಿಹೋಗಿದ್ದಾರೆ. ಒಂದು ರಾತ್ರಿ ಇಬ್ಬರು ಅಣ್ಣತಮ್ಮಂದಿರು ಸಾಲ ತೀರಿಸುವ ನೆಪದಲ್ಲಿ ಪಾದ್ರಿಯ ಮನೆಗೆ ಬರುತ್ತಾರೆ. ಅವರ ಬೆನ್ನ ಹಿಂದೆ ಜೋಡಿ ಅಡಗಿದೆ. ಪಾದ್ರಿ ತಲೆ ಬಗ್ಗಿಸಿ ರಸೀದಿ ಬರೆಯುತ್ತಿದ್ದಾರೆ. ತಲೆ ಎತ್ತಿದರೆ ರೆಂಜೊ ಎದುರಿಗೆ ನಿಂತು ‘ಈ ಸಾಕ್ಷಿಗಳ ಮುಂದೆ, ಇವಳು ನನ್ನ ಹೆಂಡತಿ’ ಎಂದುಬಿಡುತ್ತಾನೆ. ಲೂಚಿಯಾ ‘ಮತ್ತು ಇವನು…’ ಅನ್ನುವಷ್ಟರಲ್ಲಿ ಪಾದ್ರಿ ಮೇಜಿನ ಹಾಸು ಎಳೆದು ಅವಳ ತಲೆಗೆ ಮುಸುಕು ಹಾಕಿ ಬಾಯಿ ಮುಚ್ಚಿಸುತ್ತಾರೆ. ಇನ್ನು ಎರಡು ಪದ ಹೇಳಿದ್ದರೆ ಮದುವೆ ಆಗಿಹೋಗುತ್ತಿತ್ತು! ಆ ಮೇಜಿನ ಹಾಸಿನ ಕೆಳಗೆ ಉಸಿರುಗಟ್ಟಿ ನಿಂತ ಹುಡುಗಿಯನ್ನು ನಾನು ಎಷ್ಟು ಸಲ ಓದಿದರೂ ಎದೆ ಧಸಕ್ ಅನ್ನುತ್ತದೆ. ಈ ಸಂದಿ ಮುಚ್ಚಿದ್ದು 1908ರಲ್ಲಿ. ಪಾದ್ರಿ ತಾವೇ ಕೇಳಿ, ಒಪ್ಪಿಗೆಯನ್ನು ಸ್ವೀಕರಿಸಬೇಕು ಎಂದು ಆಗ ಆಯಿತು.

ಎಲ್ಲ ಕ್ರೈಸ್ತರೂ ಹೀಗೇ ನೋಡುವುದಿಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಗುರುಗಳು ಕಿರೀಟ ಇಟ್ಟು ಆಶೀರ್ವದಿಸದೆ ಮದುವೆ ಇಲ್ಲ. ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರ್ 1520ರಲ್ಲಿ ಮದುವೆ ಸಂಸ್ಕಾರವೇ ಅಲ್ಲ ಎಂದು ಬರೆದರು.

ಮಂಗಳೂರಿನ ಕಡೆ ಒಂದು ಮದುವೆಗೆ ಹೋಗಿದ್ದೆ. ಚರ್ಚಿನಲ್ಲಿ ಬಲಿಪೂಜೆ, ಅಂದರೆ ಮಾಸ್, ಮುಗಿದ ಮೇಲೆ ಪಕ್ಕದ ಮೇಜಿನಲ್ಲಿ ದಪ್ಪ ರಿಜಿಸ್ಟರ್ ತೆರೆದಿಟ್ಟರು. ಸೀರೆಯ ಸೆರಗು ಹಿಡಿದುಕೊಂಡು ಹುಡುಗಿ ಸಹಿ ಹಾಕಿದಳು, ಆಮೇಲೆ ಹುಡುಗ, ಆಮೇಲೆ ಇಬ್ಬರು ಸಾಕ್ಷಿಗಳು. ಫೋಟೊದವರು ಅವಸರ ಮಾಡುತ್ತಿದ್ದರು. ನಾನು ಮಾತ್ರ ಆ ಪುಸ್ತಕವನ್ನೇ ನೋಡುತ್ತಾ ನಿಂತಿದ್ದೆ. ಟ್ರೆಂಟಿನಲ್ಲಿ ವಾದ ಮಾಡಿ ತಂದ ಪುಸ್ತಕ ಅದು.

ನೀವು ಕೇಳಿದ ಪಾದ್ರಿಯೂ ಬಲಗೈಯೂ ಇರುವ ಚಿತ್ರ ಒಂದಿದೆ, ಮೇಷ್ಟ್ರೇ. ವಾನ್ ಐಕ್ ತೀರಿಕೊಂಡ ಕೆಲವೇ ವರ್ಷಗಳಲ್ಲಿ, ಅದೇ ನಾಡಿನಲ್ಲಿ, ರೋಜಿಯರ್ ವಾನ್ ಡೆರ್ ವೈಡೆನ್ ಏಳು ಸಂಸ್ಕಾರಗಳನ್ನೂ ಒಂದೇ ಚರ್ಚಿನೊಳಗೆ ಕೂಡಿಸಿ ಬರೆದರು. ಅದು ಈಗ ಬೆಲ್ಜಿಯಂನ ಆಂಟ್ವರ್ಪಿನಲ್ಲಿದೆ. ಬಲಗಡೆಯ ಫಲಕದಲ್ಲಿ ಗಂಡು ಹೆಣ್ಣು ಬಲಗೈ ಕೂಡಿಸಿ ನಿಂತಿದ್ದಾರೆ. ಪಾದ್ರಿ ತಮ್ಮ ಕೊರಳಿನ ಉದ್ದನೆ ಪಟ್ಟಿ, ಸ್ಟೋಲ್, ಅದನ್ನು ಆ ಕೈಗಳಿಗೆ ಸುತ್ತುತ್ತಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಆ ಕೈಗಳನ್ನು ಪುಟದ ತುಂಬ ದೊಡ್ಡದಾಗಿ ಅಚ್ಚು ಹಾಕುತ್ತೇವೆ. ಅಡಿಬರಹ ಈ ಸಲ ನೀವೇ ಬರೆದು ಕಳಿಸಿ.