ಕಾಗೆ, ಕರಡಿ ಚಿತ್ರದ ಸಂಗೀತ: ರಾಗ ಆಮೇಲೆ, ಮೊದಲು ಫ್ರೇಮ್ ಎಣಿಸಿ

ಹನ್ನೊಂದು ನಿಮಿಷದ ಅನಿಮೇಷನ್ ಚಿತ್ರ. ಚಿತ್ರದುರ್ಗದ ಕೋಟೆ ಹತ್ತುವ ಹುಡುಗಿ, ಜೊತೆಗೊಂದು ಕಾಗೆ, ಕೊನೆಗೆ ಪಕ್ಕದ ಜೋಗಿಮಟ್ಟಿ ಕಾಡಿನಿಂದ ಇಳಿದು ಬರುವ ಕರಡಿ. ಗೆಳೆಯ ಚಿತ್ರ ಬಿಡಿಸುತ್ತಿದ್ದಾರೆ, ನೀವು ಕೀಬೋರ್ಡ್ ನುಡಿಸುತ್ತೀರಿ, ಯಾವ ರಾಗದಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಮದುವೆ ಆರ್ಕೆಸ್ಟ್ರಾಗಳಿಗೆ ಕೀಬೋರ್ಡ್ ನುಡಿಸುವವನು. ಹವ್ಯಾಸಕ್ಕೆ ಇಂಥ ಎರಡು ಚಿಕ್ಕ ಚಿತ್ರಗಳಿಗೆ ಸಂಗೀತ ಮಾಡಿದ್ದೇನೆ. ಮಾಡಿ ಕೈ ಸುಟ್ಟುಕೊಂಡದ್ದನ್ನೇ ಹೇಳುತ್ತೇನೆ.

ರಾಗ ಸ್ವಲ್ಪ ಕಾಯಲಿ. ಮೊದಲು ಗೆಳೆಯನನ್ನು ಕೇಳಿ: ಸೆಕೆಂಡಿಗೆ 24 ಫ್ರೇಮೋ (ಫ್ರೇಮ್ ಅಂದರೆ ಒಂದೊಂದು ಬಿಡಿ ಚಿತ್ರ), 25 ಫ್ರೇಮೋ? ನನ್ನ ಮೊದಲ ಚಿತ್ರದಲ್ಲಿ ಇದನ್ನು ಕೇಳಲೇ ಇಲ್ಲ. ನನಗೆ ಕೊಟ್ಟ ಕಾಪಿ 24ರದ್ದು. ಕೊನೆಗೆ ಎಡಿಟಿಂಗ್ ಮಾಡಿದವರು ಅದೇ ಫ್ರೇಮುಗಳನ್ನು 25ರ ಲೆಕ್ಕಕ್ಕೆ ಓಡಿಸಿದರು. 10 ನಿಮಿಷದ ಚಿತ್ರ 9 ನಿಮಿಷ 36 ಸೆಕೆಂಡಿಗೆ ಮುಗಿಯಿತು. ಮಡಕೆ ಬಿದ್ದು ಒಡೆದ ಎಷ್ಟೋ ಹೊತ್ತಿಗೆ ನನ್ನ ತಾಳ 'ಢಣ್' ಅಂತ ಬಂತು! ಹದಿನೈದು ದಿನದ ಕೆಲಸ ಮತ್ತೆ ಮೊದಲಿನಿಂದ. ಹಾಗಾಗಿ ದೃಶ್ಯಗಳ ಅಳತೆ ಇನ್ನು ಬದಲಾಗುವುದಿಲ್ಲ ಅಂತ ಗೆಳೆಯ ಹೇಳುವವರೆಗೆ ಸಣ್ಣ ಸಣ್ಣ ಮಟ್ಟು ಹುಡುಕಿಕೊಂಡಿರಿ ಸಾಕು. ಕಾಪಿ ಕೊಡುವಾಗ ಪರದೆಯ ಮೂಲೆಯಲ್ಲಿ ಟೈಮ್‌ಕೋಡ್, ಅಂದರೆ ನಿಮಿಷ, ಸೆಕೆಂಡ್, ಫ್ರೇಮಿನ ಲೆಕ್ಕ ಕಾಣುವ ಹಾಗೆ ಮಾಡಿಕೊಡಲು ಹೇಳಿ. ಫೋನಿನಲ್ಲಿ ಮಾತಾಡುವಾಗ 'ಆ ಕಾಗೆ ಹಾರುತ್ತಲ್ಲ, ಅಲ್ಲಿ' ಅಂದರೆ ಇಬ್ಬರಿಗೂ ಬೇರೆ ಬೇರೆ ಕಾಗೆ ಕಾಣುತ್ತದೆ.

ಇನ್ನು ಲಯ. ಅನಿಮೇಷನ್‌ನಲ್ಲಿ ನಮಗಿರುವ ಒಂದು ಸುಖ ಅಂದರೆ ನಡಿಗೆಯನ್ನೂ ಎಣಿಸಿಯೇ ಬಿಡಿಸಿರುತ್ತಾರೆ. 24 ಫ್ರೇಮ್ ಇದ್ದರೆ ನಿಮಿಷಕ್ಕೆ 1440 ಫ್ರೇಮ್, ಅದನ್ನು ಒಂದು ಹೆಜ್ಜೆಯ ಫ್ರೇಮುಗಳಿಂದ ಭಾಗಿಸಿ. ಬಂದದ್ದೇ ನಿಮ್ಮ ಟೆಂಪೊ, ನಿಮಿಷಕ್ಕೆ ಎಷ್ಟು ಏಟು ಅನ್ನುವ ಲೆಕ್ಕ. ಕಾಗೆ 12 ಫ್ರೇಮಿಗೊಮ್ಮೆ ಕುಪ್ಪಳಿಸಿದರೆ ನಿಮಿಷಕ್ಕೆ 120. ಹುಡುಗಿ 16 ಫ್ರೇಮಿಗೊಂದು ಮೆಟ್ಟಿಲು ಹತ್ತಿದರೆ 90. ಸುಸ್ತಾಗಿ 20ಕ್ಕೆ ಇಳಿದರೆ 72. ಕರಡಿಗೆ 30 ಫ್ರೇಮಿನ ಹೆಜ್ಜೆ ಕೊಟ್ಟರೆ 48. ಹಿಂದೆ ಕಾರ್ಟೂನ್ ಸ್ಟುಡಿಯೊಗಳಲ್ಲಿ ಫಿಲ್ಮಿನ ಅಂಚಿಗೆ ತೂತು ಹೊಡೆದು ಟಿಕ್ ಟಿಕ್ ಬರಿಸಿ, ಅದನ್ನು ಕೇಳಿಕೊಂಡು ವಾದ್ಯದವರು ನುಡಿಸುತ್ತಿದ್ದರು. ಈಗ ಅದೇ ಕ್ಲಿಕ್ ಕಂಪ್ಯೂಟರಿನಲ್ಲಿ ಬರುತ್ತದೆ, ಅಷ್ಟೇ.

ಆದರೆ ಲೆಕ್ಕ ಸಿಕ್ಕಿತು ಅಂತ ಪ್ರತಿ ಹೆಜ್ಜೆಗೂ ಏಟು ಹಾಕಬೇಡಿ. ಅದಕ್ಕೆ ಮಿಕ್ಕಿ ಮೌಸಿಂಗ್ ಅಂತ ಹೆಸರೇ ಇದೆ. ಎರಡು ನಿಮಿಷ ನಗು ಬರುತ್ತದೆ, ಆಮೇಲೆ ತಲೆನೋವು. ನನಗೆ ಇದನ್ನು ಕಲಿಸಿದ್ದು ಕಾರ್ಟೂನ್ ಅಲ್ಲ, ಕಂಪನಿ ನಾಟಕ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮೂರಿನದೇ ಅಲ್ವಾ, ಅಪ್ಪನಿಗೆ ನಾಟಕದ ಹುಚ್ಚು. ನನ್ನನ್ನು ತಬಲಾದವರ ಪಕ್ಕದಲ್ಲೇ ಕೂರಿಸುತ್ತಿದ್ದರು. ಹಾಸ್ಯ ಪಾತ್ರದವನು ಒಳಗೆ ಬಂದರೆ ತಬಲಾದವರ ಕಣ್ಣು ಅವನ ಕಾಲಿನ ಮೇಲೆ. ಮೂರು ಹೆಜ್ಜೆಗೆ ಏಟು, ನಾಲ್ಕನೆಯದಕ್ಕೆ ಸುಮ್ಮನೆ ಕೂತುಬಿಡುತ್ತಿದ್ದರು. ಜನ ಗೊಳ್ಳೆಂದು ನಗುತ್ತಿದ್ದದ್ದು ಆ ನಾಲ್ಕನೆಯದಕ್ಕೆ. ನಿಮ್ಮ ಕಾಗೆಗೂ ಹಾಗೇ ಮಾಡಿ ನೋಡಿ.

ಈಗ ರಾಗಕ್ಕೆ ಬರೋಣ. ಹುಡುಗಿಗೆ ಒಂದೇ ಒಂದು ಮಟ್ಟು ಸಾಕು, ಐದಾರು ಸ್ವರದ್ದು, ಮಕ್ಕಳು ಒಮ್ಮೆ ಕೇಳಿ ಗುನುಗುವಂಥದ್ದು. ನಾನಾದರೆ ಭೂಪ್ ರಾಗದಲ್ಲಿ ಮಾಡುತ್ತೇನೆ, ಕರ್ನಾಟಕ ಸಂಗೀತ ಕಲಿತವರಿಗೆ ಅದು ಮೋಹನ. ಸ ರಿ ಗ ಪ ದ. ಹುಡುಗಿ ದಾರಿ ತಪ್ಪಿ ಅಳುವ ಜಾಗದಲ್ಲಿ ಹೊಸ ಮಟ್ಟು ಹುಡುಕಬೇಡಿ. ಅದೇ ಮಟ್ಟಿನಲ್ಲಿ ಗಾಂಧಾರ (ಗ) ಒಂದನ್ನೇ ಕೋಮಲ ಮಾಡಿ, ಅಂದರೆ ಅರ್ಧ ಸ್ವರ ಇಳಿಸಿ. ಶಿವರಂಜನಿ ರಾಗ ಆಯಿತು! ಒಂದು ಕೀ ಎಡಕ್ಕೆ ಸರಿದರೆ ಇಡೀ ಮಟ್ಟು ಕಣ್ಣೀರು ಹಾಕುತ್ತದೆ. ಅಮ್ಮ ಸಿಕ್ಕಾಗ ಮತ್ತೆ ಶುದ್ಧ ಗಾಂಧಾರ. ಮಗುವಿಗೆ ಸ್ವರದ ಹೆಸರು ಬೇಕಿಲ್ಲ, ಕಿವಿಗೆ ಗೊತ್ತಾಗುತ್ತದೆ.

ಕರಡಿ ಬರುವಾಗ ಉರುಮೆ ವಾದ್ಯ ಹಾಕಿ ಅಂತ ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಅಣ್ಣ ಉತ್ತರ ಬರೆದಿದ್ದಾರೆ. ನೂರಕ್ಕೆ ನೂರು ಸರಿ. ಬಾಗಿದ ಕಡ್ಡಿಯಿಂದ ಚರ್ಮವನ್ನು ಉಜ್ಜಿದಾಗ ಬರುವ ಆ ಗುರ್ ಶಬ್ದ ಯಾವ ಕೀಬೋರ್ಡಿನಲ್ಲೂ ಇಲ್ಲ. ನಿಮ್ಮ ಕಡೆ ದನ ಕುರಿ ಕಾಯುವ ಕಾಡುಗೊಲ್ಲರಲ್ಲಿ ಗಣೆ (ಬಿದಿರಿನ ಉದ್ದ ಕೊಳಲು) ಊದುವವರು ಸಿಕ್ಕರೆ ಇನ್ನೂ ಒಳ್ಳೆಯದು. ಅವರ ದೈವ ಜುಂಜಪ್ಪನ ಕಥೆ ಹಾಡುವಾಗ ನುಡಿಸುವ ಗಣೆ ದೇವರ ವಸ್ತು, ಹೇಗೆಂದರೆ ಹಾಗೆ ಕೇಳಬೇಡಿ. ಅವರು ಒಪ್ಪಿದರೆ ಮಾತ್ರ. ಒಪ್ಪಿದರೆ ದುಡ್ಡು ಅವತ್ತೇ ಕೈಗೆ ಕೊಡಿ, ಟೈಟಲ್‌ನಲ್ಲಿ ಹೆಸರು ಹಾಕಿ. ತಮಟೆ ಇಟ್ಟುಕೊಂಡರೆ ಪಕ್ಕದಲ್ಲಿ ಸ್ವಲ್ಪ ಹುಲ್ಲಿನ ಬೆಂಕಿ ಇರಲಿ. ಕಾಯಿಸಿದಾಗ ಇದ್ದ ಶ್ರುತಿ ತಣ್ಣಗಾದರೆ ಇಳಿಯುತ್ತದೆ. ಮೊದಲ ಸಲ ರೆಕಾರ್ಡ್ ಮಾಡಿದ ಟೇಕನ್ನೂ ಐದನೇ ಟೇಕನ್ನೂ ಜೋಡಿಸಲು ಹೋದರೆ ಎರಡು ಬೇರೆ ವಾದ್ಯ ಅನ್ನಿಸುತ್ತದೆ. ಪ್ರತಿ ಟೇಕ್‌ಗೂ ಮೊದಲು ಕಾಯಿಸಿ.

ಮಾತು ಇರುವ ಕಡೆ ಕೊಳಲು, ಪಿಟೀಲು ಮೇಲಿನ ಸ್ಥಾಯಿಯಲ್ಲಿ ಬೇಡ. ಹುಡುಗಿಯ ದನಿಗೂ ಅವಕ್ಕೂ ಜಗಳ ಬೀಳುತ್ತದೆ. ಆಗ ನೀವು ಸಂಗೀತದ ವಾಲ್ಯೂಮ್ ಇಳಿಸುತ್ತೀರಿ, ಅದು ಸತ್ತೇ ಹೋಗುತ್ತದೆ. ಮಾತಿನ ಕೆಳಗೆ ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ ಒಂದೆರಡು ಉದ್ದ ಸ್ವರ ಇದ್ದರೆ ಸಾಕು. ಗಾಳಿ, ಎಲೆ, ಹೆಜ್ಜೆ ಇವನ್ನೂ ನಾವೇ ಮಾಡಬೇಕು, ಚಿತ್ರ ತಾನಾಗಿ ಒಂದು ಶಬ್ದವನ್ನೂ ಕೊಡುವುದಿಲ್ಲ. (ಒಣ ಎಲೆಯ ಸದ್ದಿಗೆ ನಾನು ಮಂಡಕ್ಕಿ ಚೀಲ ಹಿಸುಕಿದ್ದೆ. ದಾವಣಗೆರೆಯಲ್ಲಿ ಅದಕ್ಕೇನು ಬರ!)

ಹಳೇ ಸಿನಿಮಾ ಹಾಡಿನ ಮಟ್ಟು ಹಾಕಬಹುದಾ ಅಂತಲೂ ಕೇಳಿದ್ದೀರಿ. ಬೇಡ. ನಮ್ಮ ಕಾನೂನಿನಲ್ಲಿ ಸಂಗೀತ ಮಾಡಿದವರು ತೀರಿಹೋದ ಮೇಲೂ 60 ವರ್ಷ ಹಕ್ಕು ಇರುತ್ತದೆ. ಜನಪದ ಮಟ್ಟು ಹಾಗಲ್ಲ. ಆದರೆ ಅದನ್ನು ಯಾರೋ ಹಾಡಿದ ರೆಕಾರ್ಡಿಂಗ್ ಎತ್ತಿಕೊಳ್ಳುವಂತಿಲ್ಲ, ನೀವೇ ಹೊಸದಾಗಿ ಹಾಡಿಸಬೇಕು. ಗೆಳೆಯ ಸದ್ಯಕ್ಕೆ ಅಂತ ಚಿತ್ರದ ಕೆಳಗೆ ಯಾವುದೋ ವಿದೇಶಿ ಸಂಗೀತ ಅಂಟಿಸಿದ್ದರೆ ಒಮ್ಮೆ ಕೇಳಿ ಮ್ಯೂಟ್ ಮಾಡಿ. ಹತ್ತು ಸಲ ಕೇಳಿದರೆ ನಿಮ್ಮ ಕೈ ಅದನ್ನೇ ನುಡಿಸುತ್ತದೆ.

ಮುಗಿದ ಸಂಗೀತವನ್ನು ಗೆಳೆಯನಿಗೆ ಕೊಡುವಾಗ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ (ಕಂಪ್ಯೂಟರಿನಲ್ಲಿ ಸೇವ್ ಮಾಡುವಾಗ ಆರಿಸುವ ಆಯ್ಕೆ ಇದು). ಮಟ್ಟು, ತಾಳ, ಹಿನ್ನೆಲೆ ಮೂರೂ ಬೇರೆ ಬೇರೆ ಇರಲಿ. ಪ್ರತಿಯೊಂದರಲ್ಲೂ ಚಿತ್ರ ಶುರುವಾಗುವ ಸರಿಯಾಗಿ 2 ಸೆಕೆಂಡ್ ಮೊದಲು ಒಂದು ಫ್ರೇಮಿನಷ್ಟು 'ಪಿಪ್' ಸದ್ದು ಹಾಕಿ, ಚಿತ್ರಕ್ಕೆ ಸಂಗೀತ ಕೂರಿಸುವವರಿಗೆ ಸುಲಭ.

ಹನ್ನೊಂದು ನಿಮಿಷಕ್ಕೂ ಒಟ್ಟಿಗೆ ಕೈ ಹಾಕಬೇಡಿ. ಮೆಟ್ಟಿಲು ಹತ್ತುವ ಒಂದು ನಿಮಿಷ ಮಾಡಿ ಇಲ್ಲಿ ಹಾಕಿ, ಕೇಳಿ ಹೇಳುತ್ತೇನೆ. ಕರಡಿ ಆಮೇಲೆ ಬರಲಿ.